ಮಂಗಳವಾರ ಹೋಗುವ

“ಒಂದು ಮೊಳೆ ಸಹ ಇಲ್ಲವಲ್ಲ!”

ವಾರಿಜಾಕ್ಷಿಯಮ್ಮ ಹಾಲ್‌ನ ನಡುವೆ ನಿಂತು ನಾಲ್ಕೂ ಗೋಡೆಗಳನ್ನು ಒಂದು ಸುತ್ತು ನೋಡಿ ಹೀಗೆ ಹೇಳಿದ್ದೇ ತಡ, ಬ್ರೋಕರ್ ಪ್ರೇಮ್ ಆ ಗೋಡೆಗಳನ್ನು ತಾನೇ ಕಟ್ಟಿಸಿದವನಂತೆ ಉಬ್ಬಿಹೋದ.

“ನಾನು ಹೇಳ್ಲಿಲ್ವಾ ಅಮ್ಮ? ಇವರು ಬಂದು ಒಂಬತ್ತು ವರ್ಷ ಆಯ್ತು. ನೋಡಿದ್ರೆ ಹಾಗೆ ಕಾಣ್ತದಾ? ಬಿಲ್ಡರ್ ನಿನ್ನೆ ಕೀ ಕೊಟ್ಟ ಹಾಗೆ ಉಂಟು. ಕಂಕನಾಡಿಯಲ್ಲಿ ಇಂಥ ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್ ಟಾರ್ಚ್ ಹಾಕಿ ಹುಡುಕಿದ್ರೂ ನಿಮಗೆ ಸಿಕ್ಲಿಕ್ಕಿಲ್ಲ. ಲೋಕಯ್ಯಣ್ಣನ ಮನೆ ಅಂದ್ರೆ ಹಾಗೆಯೇ. ಗೋಡೆಗೆ ಬೆನ್ನು ತಾಗಿಸಿ ಕೂತ್ಕೊಳ್ಲಿಕ್ಕೂ ಬಿಡುವುದಿಲ್ಲ ಇವರು, ಎಣ್ಣೆ ಕಲೆ ಆಗ್ತದೆ ಅಂತ!”

“ಹಾಗಾದ್ರೆ ಕ್ಯಾಲೆಂಡರ್ ಎಲ್ಲಿ ಹಾಕುವುದು?”

ಪ್ರೇಮ್ ನಗುತ್ತಾ ಕಿಟಕಿಯ ಕಡೆ ಕೈ ತೋರಿಸಿದ. ಪಂಚಾಂಗದ ಕ್ಯಾಲೆಂಡರ್ ಒಂದನ್ನು ದಾರ ಹಾಕಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಗಾಳಿ ಬಂದಾಗಲೆಲ್ಲ ಅದು ಮಗುಚಿಕೊಂಡು ಬೆನ್ನು ತೋರಿಸುತ್ತಿತ್ತು. ಗಾಳಿ ನಿಂತಾಗ ತಾನಾಗಿಯೇ ತಿರುಗಿ ಸರಿಯಾಗುತ್ತಿತ್ತು.

ಬಾಗಿಲ ಬದಿಯ ಕುರ್ಚಿಯಿಂದ ಎದ್ದು ನಿಂತಿದ್ದ ಲೋಕಯ್ಯ ಇದನ್ನೆಲ್ಲ ಕೇಳಿಯೂ ಕೇಳದವನಂತೆ ಕೈಕಟ್ಟಿಕೊಂಡಿದ್ದ. ಹೊಗಳಿಕೆ ಅವನಿಗೆ ಹೊಸದಲ್ಲ. ಮನೆ ನೋಡಲು ಬಂದವರು ಗೋಡೆ ನೋಡಿ ಬಾಯಿ ತೆರೆಯಬೇಕು ಎಂದೇ ಅವನು ಗೋಡೆಯನ್ನು ಒಂಬತ್ತು ವರ್ಷ ಕಾದದ್ದು. ಈಗ ಅವರು ಬಾಯಿ ತೆರೆದಿದ್ದಾರೆ. ಆದರೆ ಎದೆಯೊಳಗೆ ಏಳಬೇಕಾಗಿದ್ದ ಸಂತೋಷ ಎದ್ದು ಬರಲಿಲ್ಲ. ಕರೆದರೂ ಎದ್ದುಬರದ ಹಾಗೆ ಅದು ಎಲ್ಲೋ ಮಲಗಿಬಿಟ್ಟಿತ್ತು.

ಮಗ ಹಿತೇಶನಿಗೆ ಬಜಪೆಯ ಏರ್‌ಪೋರ್ಟಿನಲ್ಲಿ ಕೆಲಸ, ಸರಕು ಇಳಿಸಿ ಏರಿಸುವ ವಿಭಾಗದಲ್ಲಿ. ಬೆಳಗ್ಗಿನ ಪಾಳಿಗೆ ಕಂಕನಾಡಿಯಿಂದ ಹೋಗಿ ಬರುವುದು ಸಾಕಾಗಿ ಅಲ್ಲಿಯೇ ಒಂದು ಮನೆಗೆ ಮಾತು ಕೊಟ್ಟಿದ್ದಾನೆ. ಈ ಫ್ಲ್ಯಾಟು ಈ ತಿಂಗಳಲ್ಲಿ ಮಾರಿಹೋದರೆ ಅದು ಕೈಗೆ ಬರುತ್ತದೆ. ಇಲ್ಲದಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತಾರೆ. ಮೊದಲು ಬಂದ ಇಬ್ಬರಲ್ಲಿ ಒಬ್ಬರು ಅಡುಗೆಮನೆ ಸಣ್ಣದು ಎಂದರು, ಇನ್ನೊಬ್ಬರು ಹೋಗಿ ಫೋನ್ ಎತ್ತಲೇ ಇಲ್ಲ. ಇವತ್ತು ಬಂದವರು ಮೂರನೆಯವರು. “ಅಪ್ಪ, ಇದು ಫೈನಲ್ ಆಗ್ಬೇಕು. ನೀವು ಜಾಸ್ತಿ ಮಾತಾಡ್ಬೇಡಿ, ಪ್ರೇಮ್ ಮಾತಾಡ್ತಾನೆ,” ಎಂದು ಹಿತೇಶ್ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಎರಡು ಸಲ ಹೇಳಿ ಹೋಗಿದ್ದ.

ವಾರಿಜಾಕ್ಷಿಯಮ್ಮನ ಮಗ ಸುಘೋಷ ಕಾಲೇಜು ಮೇಷ್ಟ್ರು. ಅವನು ಬಚ್ಚಲಿನ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಬಂದು, “ಮಳೆಗಾಲದಲ್ಲಿ ಗೋಡೆ ಬೆವರ್ತದಾ?” ಎಂದು ಕೇಳಿದ.

ಲೋಕಯ್ಯ ಪಡುಗೋಡೆಯ ಹತ್ತಿರ ಹೋಗಿ, ಮೊಣಕಾಲೆತ್ತರದಲ್ಲಿ ಅಂಗೈಯನ್ನು ಅಗಲಿಸಿ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಹಾಗೆಯೇ ಇಟ್ಟ. ಆಮೇಲೆ ಕೈ ತೆಗೆದು ಮೂಸಿ ನೋಡಿದ. “ಇಲ್ಲ,” ಎಂದ. “ನೀವೂ ನೋಡಿ.”

ಅದು ಅವನ ವಿದ್ಯೆ. ಬಂದರಿನ ಸಗಟು ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂವತ್ತಾರು ವರ್ಷ ಅವನು ಮೆಣಸು, ಕೊಬ್ಬರಿಯ ಮೂಟೆಗಳ ಉಸ್ತುವಾರಿ ನೋಡಿಕೊಂಡವನು. ಗೋಣಿಯ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಒಳಗಿನ ಬಿಸಿಯಲ್ಲೇ ಮಾಲು ಎಷ್ಟು ದಿನ ತಾಳೀತು ಎಂದು ಹೇಳುತ್ತಿದ್ದ. ಅದೇ ಕೈಯನ್ನು ಮನೆಗಳ ಗೋಡೆಗೂ ಒತ್ತಲು ಕಲಿತ. ನೆಂಟರಲ್ಲಿ ಯಾರು ಮನೆ ಕೊಳ್ಳುವುದಿದ್ದರೂ ಮೊದಲು ಲೋಕಯ್ಯನನ್ನು ಕರೆದುಕೊಂಡು ಹೋಗುತ್ತಿದ್ದರು. ಮೂರನೆಯ ಮಾಳಿಗೆ ಒಳ್ಳೆಯದು, ಮೇಲಿನದು ಸೋರುತ್ತದೆ. ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಮೀನಿನ ವಾಸನೆ ಬರುವಷ್ಟು ಅಲ್ಲ. ರೈಲ್ವೆ ಸ್ಟೇಷನ್ ಹತ್ತಿರ ಇರಬೇಕು, ರೈಲು ಕೇಳಬಾರದು. ಆಸ್ಪತ್ರೆ ಐದು ನಿಮಿಷದ ದಾರಿಯಲ್ಲಿದ್ದರೆ ಆ ಮನೆಯ ಬೆಲೆ ಯಾವ ಕಾಲಕ್ಕೂ ಬೀಳುವುದಿಲ್ಲ. ಹೀಗೆ ಹೇಳುತ್ತಾ ಹೋಗುವಾಗ ಅವನ ಮನಸ್ಸಿನಲ್ಲಿ ಆ ಮನೆಯಲ್ಲಿ ಇರುವವರು ಬರುತ್ತಿರಲಿಲ್ಲ; ಅವರಿಂದ ಅದನ್ನು ಮುಂದೆ ಎಂದೋ ಕೊಳ್ಳಲು ಬರುವವನು ಬರುತ್ತಿದ್ದ. ಅವನ ಮುಖ ಕಂಡವರಿಲ್ಲ, ಹೆಸರು ಕೇಳಿದವರಿಲ್ಲ. ಆದರೂ ಲೋಕಯ್ಯ ಆ ಮನುಷ್ಯನ ಮರ್ಜಿ ಹಿಡಿದೇ ಬದುಕಿದ. ಬೋಳಾರದ ಮನೆ ಮಾರಿ ಕಾವೂರಿನದ್ದು, ಕಾವೂರಿನದ್ದು ಮಾರಿ ಕಂಕನಾಡಿಯ ಈ ಫ್ಲ್ಯಾಟು.

ಪ್ರತಿ ಮನೆಯ ಹೊಸ್ತಿಲಲ್ಲೂ ಹಾಲಿನ ಪಾತ್ರೆ ಹಿಡಿದು ನಿಂತು ಅಮ್ಮಣಿ ಅದೇ ಮಾತು ಕೇಳುತ್ತಿದ್ದಳು: “ಇದು ಇರ್ಲಿಕ್ಕಾ, ಮಾರ್ಲಿಕ್ಕಾ?”

“ಇರುವಷ್ಟು ದಿನ ಇರ್ಲಿಕ್ಕೆ, ಮಾರುವ ದಿನ ಮಾರ್ಲಿಕ್ಕೆ. ಎಂತ ಪ್ರಶ್ನೆ ಮಾರಾಯ್ತಿ ನಿನ್ನದು!” ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಕಾವೂರಿನಲ್ಲಿ ಅಂಗಳಕ್ಕೆ ಒಂದು ತುಳಸಿಕಟ್ಟೆ ಬೇಕು ಅಂದಾಗ, ಕಟ್ಟೆ ಆದರೆ ನಾಳೆ ಬರುವವರಿಗೆ ಬೇಡದಿದ್ದರೆ ಒಡೆಯಬೇಕು, ಕುಂಡ ಆದರೆ ನಮ್ಮ ಜತೆಗೇ ಬರುತ್ತದಲ್ಲ ಎಂದ. ಅವಳು ಕುಂಡದಲ್ಲೇ ನೆಟ್ಟಳು. ಫ್ಲ್ಯಾಟಿಗೆ ಬಂದ ಮೇಲೆ ಗೋಡೆಗೆ ಮೊಳೆ ಬೇಡ ಎಂದ. ಅವಳು ಕ್ಯಾಲೆಂಡರಿಗೆ ದಾರ ಹುಡುಕಿದಳು. ಜಗಳ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ.

ಸೊಸೆ ಭವ್ಯಶ್ರೀ ಟ್ರೇಯಲ್ಲಿ ಪುನರ್ಪುಳಿ ಶರಬತ್ತು ತಂದಳು. ಲೋಟ ತೆಗೆದುಕೊಳ್ಳಲು ತಿರುಗಿದ ವಾರಿಜಾಕ್ಷಿಯಮ್ಮನಿಗೆ ಟಿ.ವಿ. ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದ ಫೋಟೋ ಕಂಡಿತು. ಫೋಟೋಕ್ಕೆ ಹಾಕಬೇಕಾದ ಹೂವನ್ನು ಅದರ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದರು.

“ಮನೆಯವರಾ?”

“ಹೌದು. ಅಮ್ಮಣಿ ಅಂತ,” ಲೋಕಯ್ಯ ಹೇಳಿದ.

“ಯಾವಾಗ?”

“ಬರುವ ತಿಂಗಳಿಗೆ ಎರಡು ವರ್ಷ ಆಗ್ತದೆ.”

ವಾರಿಜಾಕ್ಷಿಯಮ್ಮ ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಫೋಟೋ ನೋಡಿದರು. ಪೌರೋಹಿತ್ಯದ ಮನೆತನದವರು, ಗಂಡ ಕಮಲಾಕ್ಷ ಭಟ್ಟರು ಬದುಕಿರುವವರೆಗೆ ಊರಿನ ಅರ್ಧ ಮನೆಗಳಿಗೆ ಗೃಹಪ್ರವೇಶದ ದಿನ ಇಟ್ಟುಕೊಟ್ಟವರು ಎಂದು ಪ್ರೇಮ್ ಮೊದಲೇ ಹೇಳಿದ್ದ. ಕೇಳುವುದೋ ಬೇಡವೋ ಎಂದು ಅವರು ಅನುಮಾನಿಸುತ್ತಿರುವುದು ಲೋಕಯ್ಯನಿಗೆ ತಿಳಿಯಿತು. ಯಾವ ಪ್ರಶ್ನೆ ಎಂಬುದೂ ತಿಳಿಯಿತು. ಅದಕ್ಕಾಗಿ ಅವನು ಎರಡು ವರ್ಷದಿಂದ ಕಾಯುತ್ತಿದ್ದ.

“ತಪ್ಪು ತಿಳ್ಕೊಳ್ಬೇಡಿ,” ಅವರು ಸ್ವರ ತಗ್ಗಿಸಿದರು. “ಮನೆ ಅಂದ ಮೇಲೆ ಕೇಳ್ಬೇಕಾಗ್ತದೆ. ಅವರು ಹೋದದ್ದು ಇಲ್ಲಿಯೇನಾ?”

“ಛೇ ಛೇ, ಇಲ್ಲ ಅಮ್ಮ!” ಪ್ರೇಮ್ ನಡುವೆ ಹಾರಿದ. “ಆಸ್ಪತ್ರೆಯಲ್ಲಿ. ಇಲ್ಲಿ ಅಂಥದ್ದು ಎಂತದ್ದೂ ಆಗ್ಲಿಲ್ಲ. ಮನೆ ಕ್ಲೀನ್ ಉಂಟು.”

ಕ್ಲೀನ್ ಉಂಟು. ಆ ಮಾತು ಹಾಲ್‌ನ ಬಿಳಿ ಗೋಡೆಗಳಿಗೆ ತಾಗಿ ಮತ್ತೆ ಲೋಕಯ್ಯನ ಬಳಿಗೇ ಬಂದು ನಿಂತಿತು.

ಆಸ್ಪತ್ರೆ ಇರುವುದು ಐದು ನಿಮಿಷದ ದಾರಿಯಲ್ಲಿ. ಅಮ್ಮಣಿಯ ಹಾಸಿಗೆ ಮೂರನೆಯ ಮಾಳಿಗೆಯಲ್ಲಿ, ಕಿಟಕಿಯ ಪಕ್ಕ. ಅಲ್ಲಿಂದ ನೋಡಿದರೆ ತೆಂಗಿನ ತಲೆಗಳ ಮೇಲೆ, ಜಾಹೀರಾತಿನ ಫಲಕವೊಂದರ ಹಿಂದೆ ಈ ಕಟ್ಟಡದ ನೀಲಿ ನೀರಿನ ಟ್ಯಾಂಕು ಕಾಣುತ್ತಿತ್ತು. ಮೊದಲ ದಿನವೇ ಅವಳು ಅದನ್ನು ಕಂಡುಹಿಡಿದಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು: “ಅಗೋ, ಅದು ನಮ್ಮ ಟ್ಯಾಂಕ್. ಇಲ್ಲಿಂದ ಕೂಗಿದ್ರೆ ನಮ್ಮ ಮೋಕ್ಷಾಳಿಗೆ ಕೇಳಬಹುದು.” ಮೊಮ್ಮಗಳ ಹೆಸರು ಹೇಳುವಾಗ ಮಾತ್ರ ಅವಳ ಸ್ವರ ಮೊದಲಿನ ಹಾಗೆ ಇರುತ್ತಿತ್ತು.

ಒಂದು ಗುರುವಾರ ಡಾಕ್ಟರು ಲೋಕಯ್ಯನನ್ನು ಹೊರಗೆ ಕರೆದು, ಇನ್ನು ಇಲ್ಲಿ ಇಟ್ಟುಕೊಂಡು ಮಾಡುವುದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಬರೆದುಕೊಡುತ್ತೇನೆ, ನಾಲ್ಕು ದಿನವೋ ಹತ್ತು ದಿನವೋ ತಮ್ಮವರ ನಡುವೆ ಇರಲಿ ಎಂದರು. ಲೋಕಯ್ಯ ತಲೆಯಾಡಿಸಿದ. ಸ್ನಾನಕ್ಕೆ ಮನೆಗೆ ಬಂದವನು ಕಿಟಕಿಯ ಸರಳಿನಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದು ನೋಡಿದ. ಅಂದೇ ಬೆಳಿಗ್ಗೆ ಪಂಚಕ ಹಿಡಿದಿತ್ತು. ಧನಿಷ್ಠೆಯ ಕೊನೆಯ ಅರ್ಧದಿಂದ ರೇವತಿ ಮುಗಿಯುವವರೆಗೆ ಐದು ನಕ್ಷತ್ರ, ಐದು ದಿನ. ಆ ದಿನಗಳಲ್ಲಿ ಮನೆಯೊಳಗೆ ಜೀವ ಹೋದರೆ ಮನೆ ಬಿಡಬೇಕು. ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು. ಬೀಗ ಬಿದ್ದ ಮನೆಯ ಸುದ್ದಿ ನಿಲ್ಲುವುದಿಲ್ಲ, ಲಿಫ್ಟಿನಲ್ಲಿ ಇಳಿದು ಬೀದಿಗೆ ಹೋಗುತ್ತದೆ.

ಅವನಿಗೆ ನಕ್ಷತ್ರದ ಭಯ ಇತ್ತೇ? ಇರಲಿಲ್ಲ. ಇದ್ದಿದ್ದರೆ ತನ್ನನ್ನು ತಾನು ಸ್ವಲ್ಪ ಕ್ಷಮಿಸಿಕೊಳ್ಳಬಹುದಿತ್ತು. ಅವನ ಮೊದಲ ಮನೆ, ಬೋಳಾರದ್ದು, ಅಂಥದ್ದೇ ಮನೆ. ಹಿಂದಿನವರ ತಾಯಿ ಪಂಚಕದಲ್ಲಿ ತೀರಿಕೊಂಡು, ಆರು ತಿಂಗಳು ಬೀಗ ಬಿದ್ದು, ಯಾರೂ ಬೇಡ ಎಂದ ಮೇಲೆ ಅರ್ಧ ಬೆಲೆಗೆ ಅವನ ಕೈಗೆ ಬಂದದ್ದು. ಒಂದು ಶಾಂತಿ ಮಾಡಿಸಿ ಒಕ್ಕಲಾದರು. ಹಿತೇಶ್ ಹುಟ್ಟಿದ್ದು ಅಲ್ಲಿ, ನಡೆದದ್ದು ಅಲ್ಲಿ. ಹನ್ನೊಂದು ವರ್ಷದಲ್ಲಿ ಒಂದು ಹಾಲಿನ ಪಾತ್ರೆ ಸಹ ಉಕ್ಕಿ ಚೆಲ್ಲಲಿಲ್ಲ. ಹಾಗಾಗಿ ಲೋಕಯ್ಯನಿಗೆ ಚೆನ್ನಾಗಿ ಗೊತ್ತಿತ್ತು, ನಕ್ಷತ್ರ ಏನೂ ಮಾಡುವುದಿಲ್ಲ ಎಂದು. ಮನೆಯ ಬೆಲೆ ಎಷ್ಟು ಬೀಳುತ್ತದೆ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

“ಇಲ್ಲಗ್ ಪೋಯಿ,” ಅಮ್ಮಣಿ ಗುರುವಾರ ಸಂಜೆ ಹೇಳಿದಳು. ಮನೆಗೆ ಹೋಗುವ.

“ಹೋಗುವ, ಹೋಗುವ. ಮಂಗಳವಾರ ಹೋಗುವ.”

“ಇವತ್ತು ಎಂತ ವಾರ?”

“ಗುರುವಾರ.”

ಅವಳು ಬೆರಳು ಮಡಚಿ ಎಣಿಸಿದಳು. ಐದನೆಯ ಬೆರಳಿಗೆ ಬಂದು ನಿಂತು ಅವನ ಮುಖ ನೋಡಿದಳು. ಮೂವತ್ತೊಂಬತ್ತು ವರ್ಷ ಒಟ್ಟಿಗೆ ಇದ್ದವಳು. ಕ್ಯಾಲೆಂಡರ್ ಕಟ್ಟಿದವಳೂ ಅವಳೇ. “ಆಯ್ತು,” ಅಂದಳು. ಮತ್ತೆ ಟ್ಯಾಂಕಿನ ಕಡೆ ತಿರುಗಿದಳು.

ಡಾಕ್ಟರಿಗೆ ಅವನು, ಮನೆಯಲ್ಲಿ ಪೇಂಟಿಂಗ್ ನಡೆಯುತ್ತಿದೆ, ಮಂಗಳವಾರ ಕರೆದುಕೊಂಡು ಹೋಗುತ್ತೇವೆ ಎಂದ. ಮನೆಯಲ್ಲಿ, ಡಾಕ್ಟರು ಮಂಗಳವಾರ ಬಿಡುತ್ತಾರೆ ಎಂದ. ಭವ್ಯಶ್ರೀ ಶುಕ್ರವಾರ ಊಟ ತೆಗೆದುಕೊಂಡು ಹೋದಾಗ ನರ್ಸ್ ರುಮೈಸಾ, “ನಿನ್ನೆಯೇ ಹೇಳಿದ್ದಾರಲ್ಲ ಅಕ್ಕ ಡಾಕ್ಟರ್, ಯಾಕೆ ಇನ್ನೂ ಕರ್ಕೊಂಡು ಹೋಗ್ಲಿಲ್ಲ?” ಎಂದು ಕೇಳಿದ್ದಳಂತೆ. ಸೊಸೆ ಬಂದು ಒಂದು ಸಲ ಮಾತ್ರ ಹೇಳಿದಳು, “ಮಾವ, ಅತ್ತೆಯನ್ನು ಕರ್ಕೊಂಡು ಬರುವ. ನಾನು ನೋಡ್ಕೊಳ್ತೇನೆ.” ಅವನು ಫ್ಲಾಸ್ಕ್ ಎತ್ತಿಕೊಂಡು ಆಸ್ಪತ್ರೆಗೆ ಹೊರಟ. ಆಮೇಲೆ ಅವಳು ಕೇಳಲಿಲ್ಲ.

ಅಮ್ಮಣಿ ದಿನಾ ಕೇಳಿದಳು, ಹೋಗುವುದು ಯಾವಾಗ ಎಂದಲ್ಲ. ಇವತ್ತು ಎಂತ ವಾರ ಎಂದು. ಶನಿವಾರ ಕೇಳಿದಳು. ಭಾನುವಾರ ಎರಡು ಸಲ ಕೇಳಿದಳು. ಸೋಮವಾರ ಮಧ್ಯಾಹ್ನ ಕೇಳಿದಾಗ ಅವನು, “ಸೋಮವಾರ. ಇನ್ನು ಒಂದು ರಾತ್ರಿ ಮಾತ್ರ,” ಎಂದ. ಅವಳು ಹೂಂ ಎಂದಳು. ಮೂರೂವರೆಗೆ, ಅವನು ಫ್ಲಾಸ್ಕಿಗೆ ಚಹಾ ತರಲು ಕೆಳಗೆ ಇಳಿದಿದ್ದಾಗ, ಹೋದಳು. ರೇವತಿ ಇನ್ನೂ ಮುಗಿದಿರಲಿಲ್ಲ.

ಆಸ್ಪತ್ರೆಯಿಂದ ಆಂಬುಲೆನ್ಸ್ ನೇರವಾಗಿ ಅವನ ಕುಟುಂಬದ ಮನೆಗೆ ಹೋಯಿತು. ಕಾರ್ಯ ಎಲ್ಲ ಅಲ್ಲಿಯೇ. ತೀರಿಹೋದವರನ್ನು ಮನೆಯೊಳಗೆ ಕರೆದು ಹಿರಿಯರ ಜತೆ ಸೇರಿಸುವ ದಿನವೂ ಅವಳನ್ನು ಕರೆದದ್ದು ಆ ಮನೆಯ ಹೊಸ್ತಿಲಿನಿಂದಲೇ, ಮದುವೆಯಾದ ಹೊಸತರಲ್ಲಿ ಅವಳು ಎರಡು ತಿಂಗಳು ಇದ್ದ ಮನೆ. ಈ ಮನೆಗೆ ಅವಳು ಬರಲಿಲ್ಲ.

“ಇಲ್ಲ,” ಎಂದ ಲೋಕಯ್ಯ.

ಪ್ರೇಮ್ ತಿರುಗಿದ.

“ಇಲ್ಲಮ್ಮ. ಇವನಿಗೆ ಗೊತ್ತಿಲ್ಲ. ಇಲ್ಲಿಯೇ ಹೋದದ್ದು. ಈ ಮನೆಯಲ್ಲಿಯೇ.”

“ಲೋಕಯ್ಯಣ್ಣ,” ಪ್ರೇಮ್ ಹಲ್ಲು ಕಾಣುವ ಹಾಗೆ ನಕ್ಕು, ಕಣ್ಣಿನಲ್ಲಿ ಬೇಡಿಕೊಂಡ, “ಅಲ್ಲ ಮಾರಾಯ್ರೆ, ನೀವೇ ಅವತ್ತು ನನಗೆ…”

“ಇಲ್ಲಿಯೇ,” ಲೋಕಯ್ಯ ಮತ್ತೊಮ್ಮೆ ಹೇಳಿದ. ಎರಡನೆಯ ಸಲ ಹೇಳುವಾಗ ಆ ಮಾತು ಬಾಯಿಗೆ ಹಿತವಾಗಿತ್ತು. ಮೂರನೆಯ ಸಲವೂ ಹೇಳಬೇಕೆನಿಸಿತು. ಶರಬತ್ತಿನ ಟ್ರೇ ಹಿಡಿದಿದ್ದ ಭವ್ಯಶ್ರೀಯ ಕಡೆ ನೋಡಲು ಧೈರ್ಯ ಸಾಲಲಿಲ್ಲ.

ಸುಘೋಷ ತಾಯಿಯ ಮುಖ ನೋಡಿದ. ವಾರಿಜಾಕ್ಷಿಯಮ್ಮ ಲೋಟವನ್ನು ಮೇಜಿನ ಮೇಲೆ ಇಟ್ಟರು. “ನಕ್ಷತ್ರ ಯಾವುದು?”

ಯಾವುದನ್ನಾದರೂ ಹೇಳಬಹುದಿತ್ತು. ರೋಹಿಣಿ ಎಂದರೆ ಮುಗಿದುಹೋಗುತ್ತಿತ್ತು.

“ರೇವತಿ.”

ವಾರಿಜಾಕ್ಷಿಯಮ್ಮನ ಹೆಬ್ಬೆರಳು ತಾನಾಗಿಯೇ ಉಳಿದ ಬೆರಳುಗಳ ಗೆರೆ ಮುಟ್ಟುತ್ತಾ ಹೋಗಿ ನಿಂತಿತು. “ಪಂಚಕ,” ಅಂದರು. “ಮನೆ ಬಿಟ್ಟಿದ್ದಿರಾ?”

“ಇಲ್ಲ.”

ಪ್ರೇಮ್ ಮೊಬೈಲ್ ತೆಗೆದು ಸುಮ್ಮನೆ ಅದನ್ನು ನೋಡತೊಡಗಿದ. ಅವನ ಮಟ್ಟಿಗೆ ವ್ಯಾಪಾರ ಮುಗಿದಿತ್ತು. ಲೋಕಯ್ಯನೂ ಹಾಗೆಯೇ ತಿಳಿದ. ಹಿತೇಶನಿಗೆ ಏನು ಹೇಳುವುದು ಎಂಬ ಯೋಚನೆ ಎಲ್ಲೋ ದೂರದಲ್ಲಿ ಬಂದು ಹೋಯಿತು. ಇವರು ಈಗ ಚಪ್ಪಲಿ ಹಾಕಿಕೊಂಡು ಇಳಿಯುತ್ತಾರೆ. ಸುದ್ದಿ ಇವರ ಜತೆಗೇ ಇಳಿಯುತ್ತದೆ. ಈ ಬೀದಿಯಲ್ಲೆಲ್ಲ ಜನ, ಅಮ್ಮಣಿ ತನ್ನ ಮನೆಯಲ್ಲಿ ಹೋದಳು ಎಂದು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ.

ವಾರಿಜಾಕ್ಷಿಯಮ್ಮ ಹೊರಡಲಿಲ್ಲ. ಸೋಫಾದ ತುದಿಯಲ್ಲಿ ಮೆಲ್ಲ ಕುಳಿತರು.

“ನಮ್ಮವರು ನಲವತ್ತು ವರ್ಷ ಊರಿಡೀ ಜನರಿಗೆ ಮನೆ ಬಿಡಿ, ಮನೆ ಬಿಡಿ ಅಂತ ಹೇಳಿದವರು. ಕಡೆಗೆ ಅವರೇ ಹೋದದ್ದು ಪೂರ್ವಾಭಾದ್ರದಲ್ಲಿ. ನಾಲ್ಕು ತಿಂಗಳು ಬಿಡ್ಬೇಕು ಅಂದ್ರು ಅವರ ಶಿಷ್ಯಂದಿರು. ನಾನು ಎಲ್ಲಿ ಹೋಗುವುದು ಮಾರಾಯ್ರೆ? ಅವರ ವಸ್ತ್ರ ಅಲ್ಲಿ ಹಗ್ಗದಲ್ಲಿ ಒಣಗ್ತಾ ಉಂಟು, ಅವರ ಪಂಚಪಾತ್ರೆ ಅಲ್ಲಿ ಕವುಚಿ ಹಾಕಿ ಉಂಟು. ನಾನು ಏಳ್ಲಿಲ್ಲ. ಎಂತಾದ್ರೂ ಆದ್ರೆ ಅಂತ ಎಲ್ಲರೂ ಹೆದರಿಸಿದ್ರು. ಎಂತ ಆಗ್ಲಿಕ್ಕೆ ಬಾಕಿ ಉಂಟು? ಆಗುವುದು ಆಗಿಯೇ ಹೋಗಿತ್ತಲ್ಲ.”

ಕೆಳಗೆ ಮಾರುಕಟ್ಟೆಯ ಕಡೆಯಿಂದ ಬಸ್ಸಿನ ಕಂಡಕ್ಟರ್ ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುವುದು ಕೇಳಿತು.

“ಸಂಕಟ ಆದ ಮನೆ ಬೇಡ ಅಂದ್ರೆ ನಮಗೆ ಮನೆಯೇ ಸಿಕ್ಲಿಕ್ಕಿಲ್ಲ,” ಅವರು ಮುಂದುವರಿಸಿದರು. “ಒಂದು ಶಾಂತಿ, ಎರಡು ದೀಪ, ಆಯ್ತು. ತನ್ನ ಮನೆ, ತನ್ನ ಗಂಡ, ಸೊಸೆ ಬಾಯಿಗೆ ನೀರು ಬಿಟ್ಟದ್ದು. ಮುತ್ತೈದೆ ಹಾಗೆ ಹೋಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು. ನೀವು ಮುಚ್ಚಿಡದೆ ಹೇಳಿದ್ರಲ್ಲ, ಅದು ದೊಡ್ಡದು. ಸುಘೋಷ, ನನಗೆ ಮನಸ್ಸಾಗಿದೆ. ನೀನು ನೋಡು.”

ಲೋಕಯ್ಯನ ಕೈ ಗೋಡೆ ಹುಡುಕಿತು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವನು ಯಾರ ಮರ್ಜಿ ಕಾಯುತ್ತಾ ಬದುಕಿದನೋ ಅವರು ಇವತ್ತು ಬಂದಿದ್ದರು. ಬಿಳಿ ಕೂದಲು, ಸವೆದ ಬಳೆ, ಮಂಡಿ ನೋವಿಗೆ ಸೋಫಾದ ತುದಿ. ಅವರಿಗೆ ಬೇಡದ್ದು ಏನೂ ಇರಲಿಲ್ಲ. ಆ ಗುರುವಾರ ಅಮ್ಮಣಿಯನ್ನು ಕರೆತಂದ ಆಂಬುಲೆನ್ಸ್ ಈ ಗೇಟಿಗೆ ಬಂದು ನಿಂತಿದ್ದರೂ ಅವರು ಇವತ್ತು ಹೀಗೆಯೇ ಕುಳಿತು ಇದೇ ಮಾತು ಹೇಳುತ್ತಿದ್ದರು. ಅಂಗೈಯ ಕೆಳಗೆ ಗೋಡೆ ಒಣಗಿ ಬೆಚ್ಚಗಿತ್ತು, ಒಳ್ಳೆಯ ಗೋಡೆ.

“ಎಲ್ಲಿ ಮಲಗಿದ್ರು ಅವರು?” ವಾರಿಜಾಕ್ಷಿಯಮ್ಮ ಕೇಳಿದರು. “ಜಾಗ ಗೊತ್ತಿದ್ರೆ ಅಲ್ಲಿ ದೀಪ ಇಡ್ಲಿಕ್ಕೆ ಆಗ್ತದೆ.”

ಲೋಕಯ್ಯ ಬಾಯಿ ತೆರೆದ. ಸುಳ್ಳನ್ನು ಅಲ್ಲಿಯವರೆಗೆ ಅವನು ಯೋಚಿಸಿರಲಿಲ್ಲ. ಅವಳನ್ನು ತಂದಿದ್ದರೆ ಎಲ್ಲಿ ಮಲಗಿಸುತ್ತಿದ್ದೆ? ಒಳಕೋಣೆಯಲ್ಲೇ? ಹಾಲ್‌ನಲ್ಲೇ? ಎಷ್ಟು ಮನೆಗಳಲ್ಲಿ ಮಂಚ ಎಲ್ಲಿ ಬರಬೇಕು, ಕಪಾಟು ಎಲ್ಲಿ ಬರಬೇಕು ಎಂದು ಬೆರಳು ತೋರಿಸಿ ಹೇಳಿದವನಿಗೆ ಅದೊಂದು ಜಾಗ ತಿಳಿಯಲಿಲ್ಲ.

“ಇಲ್ಲಿ ಅಮ್ಮ.”

ಭವ್ಯಶ್ರೀ ಟ್ರೇಯನ್ನು ಕೆಳಗಿಟ್ಟು ಕಿಟಕಿಯ ಬಳಿ ಹೋದಳು. ಅಲ್ಲಿ ಒಂದು ಕಾಲೊರಸು ಹಾಸಿತ್ತು. ಮನೆ ನೋಡುವವರು ಬರುವ ದಿನಗಳಲ್ಲಿ ಅದನ್ನು ಅಲ್ಲಿ ಹಾಸುತ್ತಿದ್ದವನು ಲೋಕಯ್ಯನೇ. ಅವಳು ಅದನ್ನು ಕಾಲಿನಿಂದ ಬದಿಗೆ ಸರಿಸಿದಳು. ಬಿಳಿ ಟೈಲ್ಸಿನ ಮೇಲೆ ಗೇಣುದ್ದದ ಒಂದು ಗೀರು ಕಾಣಿಸಿತು.

“ಮಂಚ ಎಳ್ಕೊಂಡು ಬರುವಾಗ ಆದದ್ದು. ತಲೆ ಈ ಕಡೆ ಹಾಕಿದ್ದೆ, ಅತ್ತೆಗೆ ಗಾಳಿ ಬೇಕಲ್ಲ ಅಂತ. ಹೊರಗೆ ನೋಡಿದ್ರೆ ಆ ಮಾವಿನ ಮರ ಕಾಣ್ತದೆ. ಐದು ದಿನ ಇತ್ತು ಮಂಚ ಇಲ್ಲಿ. ದಿನಾ ಬೆಳಿಗ್ಗೆ ಹಾಸು ಬದಲಿಸ್ತಿದ್ದೆ. ಕುಡಿಲಿಕ್ಕೆ ಬೇಕಾದೀತು ಅಂತ ಚೆಂಬಿನಲ್ಲಿ ನೀರು ಇಡ್ತಿದ್ದೆ ಇಲ್ಲಿ, ಈ ಕಟ್ಟೆ ಮೇಲೆ. ಮಂಗಳವಾರ ಬೆಳಿಗ್ಗೆ ನಾನೇ ತೆಗೆದದ್ದು.”

ಅವಳು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಆ ಶುಕ್ರವಾರ ಸ್ನಾನಕ್ಕೆ ಬಂದಾಗ ಲೋಕಯ್ಯ ಆ ಖಾಲಿ ಮಂಚ ಕಂಡಿದ್ದ. ಬಿಳಿ ಹಾಸು, ಅಮ್ಮಣಿಯ ತಲೆದಿಂಬು, ಚೆಂಬು. ಅವನು ಆಗ ಹೇಳಿದ್ದು ಒಂದೇ ಮಾತು: “ಎಂತ ಮಾರಾಯ್ತಿ, ಟೈಲ್ಸಿಗೆ ಗೀರು ಬಿತ್ತಲ್ಲ.”

ವಾರಿಜಾಕ್ಷಿಯಮ್ಮ ಎದ್ದು ಅಲ್ಲಿಗೆ ಹೋದರು. ಮುಡಿಯಲ್ಲಿ ಹೂವಿರಲಿಲ್ಲ. ಮೇಜಿನ ಮೇಲಿನ ಸ್ಟೀಲ್ ತಟ್ಟೆಯ ಕಡೆ ಕೈ ತೋರಿಸಿ, “ಒಂದು ತೆಕ್ಕೊಳ್ಲಾ?” ಎಂದು ಕೇಳಿ, ಸೇವಂತಿಗೆಯೊಂದನ್ನು ತಂದು ಮಂಡಿ ಹಿಡಿದುಕೊಂಡು ಬಾಗಿ ಗೀರಿನ ತುದಿಯಲ್ಲಿ ಇಟ್ಟರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಲೋಕಯ್ಯನಿಗೆ ಮಾತು ಕೇಳಿಸಲಿಲ್ಲ. ತುಟಿ ಅಲುಗಿ ನಿಂತು, ಮತ್ತೆ ಅಲುಗುವ ಲಯ ಮಾತ್ರ ಕಂಡಿತು.

ಅವರು ಹೋದ ಮೇಲೆ ಪ್ರೇಮ್ ಮೆಟ್ಟಿಲವರೆಗೆ ಹೋದವನು ತಿರುಗಿ ಬಂದು ಬಾಗಿಲಲ್ಲಿ ತಲೆ ಹಾಕಿದ. “ಲೋಕಯ್ಯಣ್ಣ, ನನ್ನ ಜೀವ ಬಾಯಿಗೆ ಬಂದಿತ್ತು. ಇದು ಯಾವ ಕಾಲೇಜಿನಲ್ಲಿ ಕಲ್ತದ್ದು ನೀವು? ಇನ್ನು ನಾನು ಬೇರೆ ಪಾರ್ಟಿಗೂ ಇದನ್ನೇ ಹೇಳ್ತೇನೆ!” ಲೋಕಯ್ಯನ ಮುಖ ನೋಡಿ ಅವನ ನಗು ಅರ್ಧಕ್ಕೆ ನಿಂತಿತು. “ಅಡ್ವಾನ್ಸ್ ನಾಡಿದ್ದು ತರ್ತಾರಂತೆ,” ಎಂದು ಮೆಲ್ಲನೆ ಹೇಳಿ ಬಾಗಿಲು ಎಳೆದುಕೊಂಡು ಹೋದ.

ಹಿತೇಶ್ ಫೋನ್ ಮಾಡಿದ. ಹಿಂದೆ ಯಂತ್ರಗಳ ಸದ್ದು.

“ಎಂತ ಆಯ್ತು ಅಪ್ಪ?”

“ತೆಕ್ಕೊಳ್ತಾರಂತೆ.”

“ಹೌದಾ! ನಾನು ಹೇಳ್ಲಿಲ್ವಾ? ನೀವು ಇಟ್ಟ ಹಾಗೆ ಯಾರು ಇಡ್ತಾರೆ ಮನೆ. ಅಪ್ಪ, ಬಜಪೆಯದ್ದಕ್ಕೆ ನೀವು ಒಮ್ಮೆ ಬಂದು ಗೋಡೆ ನೋಡ್ಬೇಕು, ಆಯ್ತಾ? ರೀಸೇಲ್ ಹೇಗೆ ಉಂಟು ಅಂತ ನೀವು ಹೇಳಿದ್ರೆ ನನಗೆ ಸಮಾಧಾನ.” ಸ್ವಲ್ಪ ತಡೆದು ಕೇಳಿದ, “ಅಪ್ಪ, ಕೇಳ್ತದಾ?”

“ಕೇಳ್ತದೆ.”

“ಶನಿವಾರ ನನಗೆ ರಜೆ. ಶನಿವಾರ ಹೋಗುವ?”

ಲೋಕಯ್ಯ ಫೋನನ್ನು ಕಿವಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅದರೊಳಗಿನಿಂದ ಮಗನ ಸ್ವರ ಎರಡು ಸಲ ಕರೆದು ನಿಂತಿತು.

ಹೊತ್ತು ಇಳಿಯಿತು. ದೂರದ ದೇವಸ್ಥಾನದ ಧ್ವನಿವರ್ಧಕದಲ್ಲಿ ಯಾರೋ ಕಾವ್ಯ ಓದುತ್ತಿದ್ದರು. ಗಾಳಿ ಈ ಕಡೆ ಬೀಸಿದಾಗ ಒಂದು ಚರಣ ಕೇಳುತ್ತಿತ್ತು, ಮುಂದಿನದು ಕೇಳುತ್ತಿರಲಿಲ್ಲ. ದೀಪ ಹಚ್ಚುವ ಮೊದಲು ಗುಡಿಸಲೆಂದು ಭವ್ಯಶ್ರೀ ಹಿಡಿಸೂಡಿ ಹಿಡಿದು ಬಂದಳು. ಸೋಫಾದ ಕೆಳಗೆ, ಮೇಜಿನ ಕಾಲಿನ ಸುತ್ತ, ಬಾಗಿಲ ಸಂದಿ, ಎಂದಿನಂತೆ. ಕುರ್ಚಿಯ ಬಳಿ ಬಂದಾಗ ಲೋಕಯ್ಯ ಎರಡೂ ಕಾಲು ಎತ್ತಿದ. ಅವಳು ಅವನ ಮುಖ ನೋಡಲಿಲ್ಲ. ಕಾಲೊರಸು ಬದಿಗೆ ಬಿದ್ದಲ್ಲೇ ಇತ್ತು.

ಸೂಡಿ ಕಿಟಕಿಯ ಕಡೆ ಹೋಯಿತು. ಹೂವಿನ ಹತ್ತಿರ ಬಂದು ನಿಧಾನವಾಯಿತು. ಅಲ್ಲಿಂದ ಅದು ಮಂಚದ ಉದ್ದಕ್ಕೆ ಹೋಗಿ, ಮಂಚದ ಅಗಲಕ್ಕೆ ತಿರುಗಿ, ಮತ್ತೆ ಉದ್ದಕ್ಕೆ ಬಂದಿತು. ಮಲಗಿದವರನ್ನು ಎಬ್ಬಿಸದ ಹಾಗೆ, ಸದ್ದಿಲ್ಲದೆ.